ಒಂಬತ್ತು ನಿಮಿಷದ ಉಪವಾಸ

ನನ್ನ ತಾಯಿಯನ್ನು ಪುಣ್ಯವಂತೆ ಎಂದು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಹೊಗಳುವವರು ಒಳ್ಳೆಯವರೇ. ಇಗರ್ಜಿಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕೂರುವವರು, ಕ್ರಿಸ್ಮಸ್ಸಿಗೆ ಕೇಕು ಕಳಿಸುವವರು. "ಎಂಥ ಭಕ್ತಿ ನಿಮ್ಮ ತಾಯಿಯದು! ಆ ವಯಸ್ಸಿನಲ್ಲಿ, ಆ ಸಕ್ಕರೆ ಕಾಯಿಲೆ ಇಟ್ಟುಕೊಂಡು, ಒಂದು ಹನಿ ನೀರು ಮುಟ್ಟಲಿಲ್ಲ" ಎನ್ನುತ್ತಾರೆ. ನಾನು ನಗುವ ಮುಖ ಮಾಡಿಕೊಂಡು ಬ್ಯಾಗಿನಲ್ಲಿ ಕಾರಿನ ಕೀ ಹುಡುಕುತ್ತೇನೆ. ಒಳಗೊಳಗೇ ಬಾಯಿಗೆ ಬಂದದ್ದೆಲ್ಲ ಬೈದಿರುತ್ತೇನೆ. ಆ ಭಕ್ತಿಗೆ ಅವಳ ಸೊಂಟದ ಮೂಳೆ ಹೋಯಿತು. ಜೀವವೂ ಹೋಗುವುದರಲ್ಲಿತ್ತು.

ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಾನು ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನಲ್ಲಿ, ಒಂದು ಚಿಪ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಯಾವುದು ಯಾವಾಗ ಹೇಗೆ ಕೆಡಬಹುದು, ಕೆಟ್ಟರೆ ಏನಾಗಬಹುದು ಎಂದು ಮೊದಲೇ ಯೋಚಿಸಿ ಪಟ್ಟಿ ಮಾಡುವುದು ನನ್ನ ಹೊಟ್ಟೆಪಾಡು. ಗಂಡನಿಗೆ ಕೆಲಸ ಕೌಲಾಲಂಪುರದಲ್ಲಿ. ವಾರದ ಕೊನೆಗೆ ಬಂದು ಹೋಗುತ್ತಾನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಮಂಗಳೂರಿನಿಂದ ಇಲ್ಲಿಗೆ ಕರೆಸಿಕೊಂಡೆ. ಅವಳು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಆದರೆ ಸಿಟ್ಟು ಬಂದರೆ ಅಮ್ಮ ಕನ್ನಡಕ್ಕೆ ಇಳಿಯುತ್ತಾಳೆ, ಕೊನೆಯ ಬೆಂಚಿಗೂ ಕೇಳಿಸುವ ಹಾಗೆ, ಒಂದೊಂದು ಅಕ್ಷರ ಬಿಡಿಸಿ. ನನಗೂ ಅದೇ ಚಾಳಿ ಬಂದಿದೆ. ಹಾಗಾಗಿ ನಮ್ಮ ಜಗಳಗಳೆಲ್ಲ ಕನ್ನಡದಲ್ಲಿಯೇ ನಡೆದಿವೆ, ಇಲ್ಲಿ ಅನುವಾದ ಮಾಡುವ ಕಷ್ಟ ನನಗಿಲ್ಲ.

ಎರಡು ವರ್ಷದ ಹಿಂದೆ ಇಂಗ್ಲೆಂಡಿನಿಂದ ಒಬ್ಬ ವಯಸ್ಸಾದ ಇಂಜಿನಿಯರ್ ನಮ್ಮ ಕಾರ್ಖಾನೆಗೆ ಬಂದರು. ಹೊಸ ಟೆಸ್ಟಿಂಗ್ ಯಂತ್ರಗಳನ್ನು ಕೂರಿಸಿ, ಸರಿಯಾಗಿ ಓಡಿಸಿ ಕೊಡುವ ತನಕ ಅವರು ಇಲ್ಲಿಯೇ. ಅರವತ್ತೆಂಟೋ ಅರವತ್ತೊಂಬತ್ತೋ ವಯಸ್ಸು. ತಲೆಯ ಮೇಲೆ ಸದಾ ಒಂದು ಬಟ್ಟೆಯ ಟೋಪಿ. ಕ್ಯಾಂಟೀನಿನ ಊಟ ಮುಟ್ಟುತ್ತಿರಲಿಲ್ಲ. ಮನೆಯಿಂದ ತಂದ ಡಬ್ಬಿಯಲ್ಲಿ ಅನ್ನ, ಬೇಯಿಸಿದ ಮೊಟ್ಟೆ, ಸೌತೆಕಾಯಿ. ಊಟಕ್ಕೆ ಮುಂಚೆ ಶರ್ಟಿನ ಅಂಚು ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು, ಪೆನ್ನಿಗೆ ಕ್ಯಾಪು ಹಾಕುವಷ್ಟು ಸಲೀಸಾಗಿ. ಇನ್ನೊಂದು ಅಭ್ಯಾಸವಿತ್ತು. ಟಾಯ್ಲೆಟ್ಟಿಗೆ ಹೋಗಿ ಬಂದು, ಕೈ ತೊಳೆದು, ಕಾರಿಡಾರಿನಲ್ಲಿ ನಿಂತು ಅರ್ಧ ನಿಮಿಷ ತುಟಿ ಅಲ್ಲಾಡಿಸುತ್ತಿದ್ದರು. ಯಾವುದೋ ಲೆಕ್ಕ ಹಾಕುತ್ತಿದ್ದಾರೆ ಎಂದು ನಾವು ಅಂದುಕೊಂಡಿದ್ದೆವು.

ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರ್ ಮೊದಲಲ್ಲೋ ಅವರು ಒಂದು ದಿನ ರಜೆ ಹಾಕಿದರು. ಯಂತ್ರಕ್ಕೆ ಅದೇ ದಿನ ಬೇಕಾಗಿತ್ತೋ ಏನೋ, ಬೆಳಿಗ್ಗೆ ಹತ್ತಕ್ಕೆ ನಿಂತುಹೋಯಿತು. ಅವರ ಫೋನು ಆಫ್. ಮ್ಯಾನೇಜರು ಎಲ್ಲರನ್ನೂ ಬಿಟ್ಟು ನನ್ನನ್ನೇ ಗುರಾಯಿಸಿದ. ಅವರ ಅಪಾರ್ಟ್‌ಮೆಂಟು ನಮ್ಮ ಕಾಂಡೋದ ಎದುರಿಗೇ ಇದ್ದುದರಿಂದ ನಾನೇ ಹೋಗಿ ಬಾಗಿಲು ಬಡಿದೆ.

ಬಾಗಿಲು ತೆಗೆದವರು ಬಿಳಿ ಶರ್ಟು, ಬಿಳಿ ಪ್ಯಾಂಟು, ಕಾಲಿಗೆ ರಬ್ಬರ್ ಚಪ್ಪಲಿ. ಮುಖ ಬಾಡಿತ್ತು. ಹಿಂದೆ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಕೈಗಡಿಯಾರ, ಕೆಮ್ಮಿನ ಸಿರಪ್ಪಿನ ಜೊತೆ ಕೊಡುತ್ತಾರಲ್ಲ ಅಂಥ ಪುಟ್ಟ ಪ್ಲಾಸ್ಟಿಕ್ ಅಳತೆ ಕಪ್ಪುಗಳು ಸಾಲಾಗಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಅದುಮಿ ತುಂಬಿದ ಬ್ರೆಡ್ಡಿನ ಚೂರು.

"ಕ್ಷಮಿಸಿ. ಇವತ್ತು ನನ್ನ ಉಪವಾಸ. ಯಂತ್ರ, ಫೋನು, ಏನನ್ನೂ ಮುಟ್ಟುವ ಹಾಗಿಲ್ಲ. ನಾಳೆ ಬೆಳಿಗ್ಗೆಯೇ ಬರುತ್ತೇನೆ" ಎಂದರು. ಎನ್ನುತ್ತಲೇ ಗಡಿಯಾರ ನೋಡಿದರು, ಹೋಗಿ ಆ ಕಪ್ಪಿನ ಬ್ರೆಡ್ಡನ್ನು ಬಾಯಿಗೆ ಹಾಕಿಕೊಂಡರು.

ಉಪವಾಸವಂತೆ! ಲೈನು ನಿಂತಿದೆ, ನನ್ನ ಮಾನ ಹೋಗುತ್ತಿದೆ, ಈ ಮನುಷ್ಯ ಗಡಿಯಾರ ನೋಡಿಕೊಂಡು ಬ್ರೆಡ್ಡು ತಿನ್ನುತ್ತಾ ಉಪವಾಸ ಎನ್ನುತ್ತಾರೆ. ಬಾಗಿಲನ್ನು ನಾನೇ ಎಳೆದು ಹಾಕಿದೆ, ಬೇಕೆಂದೇ ಜೋರಾಗಿ.

ಮರುದಿನ ಅವರು ಯಂತ್ರ ಸರಿಮಾಡಿ ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕೂತರು. ತಾವು ಯೆಹೂದಿ ಎಂದರು. ಈ ದೇಶದಲ್ಲಿ ಅದನ್ನು ಸಾರಿಕೊಂಡು ತಿರುಗಬೇಡಿ ಎಂದು ಅವರ ಕಂಪನಿಯವರು ಹೇಳಿ ಕಳಿಸಿದ್ದರಂತೆ. "ಇದು ನಿಮ್ಮಲ್ಲೇ ಇರಲಿ" ಎಂದರು. ನಾನು ಆಯಿತು ಎಂದೆ. ಜಾರ್ಜ್ ಟೌನಿನಲ್ಲಿ ಅವರವರ ಒಂದು ಹಳೆಯ ಸ್ಮಶಾನವಿದೆ, ನಾನು ಎಷ್ಟೋ ಸಲ ಅದರ ಗೋಡೆ ದಾಟಿ ಹೋಗಿದ್ದೇನೆ. ಪೆನಾಂಗಿನಲ್ಲಿ ಅವರಿಗೆ ಗೊತ್ತಿದ್ದ ಯೆಹೂದಿಗಳೆಲ್ಲ ಆ ಗೋಡೆಯ ಒಳಗೇ ಇದ್ದರು. ಹತ್ತು ಜನ ಸೇರಿ ಮಾಡಬೇಕಾದ ಪ್ರಾರ್ಥನೆಯನ್ನು ಅವರು ಆ ಕೋಣೆಯಲ್ಲಿ ಒಬ್ಬರೇ ಕೂತು ಮಾಡಿದ್ದರು.

ಆ ದಿನ ಅವರಲ್ಲಿ ವರ್ಷದ ಅತಿ ದೊಡ್ಡ ಉಪವಾಸ. ಒಂದು ಸಂಜೆಯಿಂದ ಮರು ಸಂಜೆಯವರೆಗೆ ನೀರೂ ಇಲ್ಲ. ಆದರೆ ಉಪವಾಸದಿಂದ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದರೆ ತಿನ್ನಲೇಬೇಕು. ತಿನ್ನಬಹುದು ಎಂದಲ್ಲ, ತಿನ್ನಲೇಬೇಕು. ತಿನ್ನದೆ ಕೂತವನು ದೊಡ್ಡ ಭಕ್ತ ಅಲ್ಲ, ತಪ್ಪು ಮಾಡಿದವನು. ಇನ್ನೂ ಒಂದು ಉಂಟು: ರೋಗಿ ತಾನೇ ನನಗೆ ಬೇಕು ಎಂದರೆ, ಬೇಡ ಎನ್ನುವ ಡಾಕ್ಟರು ಎಷ್ಟು ಜನ ಬೇಕಾದರೂ ಇರಲಿ, ಅವನಿಗೆ ಕೊಡಬೇಕಂತೆ. ಸಾಧ್ಯವಾದರೆ ತಿನ್ನುವುದನ್ನೂ ಅಳೆದು ತಿನ್ನಬೇಕು. ಒಂದು ದೊಡ್ಡ ಖರ್ಜೂರಕ್ಕಿಂತ ಕಡಿಮೆ, ಮತ್ತೆ ಒಂಬತ್ತು ನಿಮಿಷ ಕಾಯಬೇಕು, ಮತ್ತೆ ಅಷ್ಟೇ. ನೀರೂ ಹಾಗೆಯೇ, ಒಂದು ಗುಟುಕಿಗಿಂತ ಕಡಿಮೆ. ದೇಹ ನಮ್ಮದಲ್ಲ, ನೋಡಿಕೊಳ್ಳಲು ಕೊಟ್ಟದ್ದು ಎಂದರು. ಹಬ್ಬಕ್ಕೆ ಪಕ್ಕದ ಮನೆಯಿಂದ ತಂದ ದೊಡ್ಡ ಪಾತ್ರೆಯನ್ನು ನಮ್ಮ ಪಾತ್ರೆಗಿಂತ ಜೋಪಾನ ಮಾಡುತ್ತೇವಲ್ಲ, ಆ ಥರ ಎಂದು ನಾನು ಅರ್ಥ ಮಾಡಿಕೊಂಡೆ. ಟಾಯ್ಲೆಟ್ಟಿನ ಹೊರಗೆ ನಿಂತು ಅವರು ಹೇಳುತ್ತಿದ್ದುದೂ ಅದನ್ನೇ. ಮೈಯಲ್ಲಿ ತೆರೆಯಬೇಕಾದ್ದು ತೆರೆದಿದೆ, ಮುಚ್ಚಬೇಕಾದ್ದು ಮುಚ್ಚಿದೆ, ಹೆಚ್ಚುಕಡಿಮೆಯಾಗಿದ್ದರೆ ನಾನು ನಿನ್ನ ಮುಂದೆ ನಿಲ್ಲಲಾಗುತ್ತಿರಲಿಲ್ಲ ಎಂದು ದೇವರಿಗೆ ಹೇಳುವ ಮಾತು.

"ಹಾಗಾದರೆ ನಿಮ್ಮವರೆಲ್ಲ ಆರೋಗ್ಯವಂತರು" ಎಂದೆ, ಸ್ವಲ್ಪ ಕೊಂಕಾಗಿಯೇ.

ಅವರು ನಗಲಿಲ್ಲ. ತಮ್ಮ ತಂದೆಯ ಕತೆ ಹೇಳಿದರು. ಲಂಡನ್ನಿನ ಬಡವರ ಕೇರಿಯಲ್ಲಿ ಧರ್ಮಗ್ರಂಥ ಪಾಠ ಹೇಳುತ್ತಿದ್ದ ಮನುಷ್ಯ. ಬೆಳಿಗ್ಗೆಯಿಂದ ರಾತ್ರಿ ತನಕ ಬೆನ್ನು ಬಗ್ಗಿಸಿ ಪುಸ್ತಕದ ಮುಂದೆ. ನಡೆಯುವುದು, ಓಡುವುದು, ಬಿಸಿಲಿಗೆ ಹೋಗುವುದು, ಅದೆಲ್ಲ ಓದು ಬಾರದವರ ಕೆಲಸ ಎಂಬ ಭಾವನೆ. ಊಟಕ್ಕೆ ಮುಂಚೆ ಕೈ ತೊಳೆಯುವ ನಿಯಮ ಒಂದು ದಿನ ತಪ್ಪಿದವರಲ್ಲ. ಸಿಗರೇಟೂ ತಪ್ಪಿದವರಲ್ಲ, ಶನಿವಾರ ಬೆಂಕಿ ಹಚ್ಚಬಾರದು ಎಂದು ಅವತ್ತು ಮಾತ್ರ ಇಲ್ಲ. ಮೈಯನ್ನು ಕಾಪಾಡಿಕೋ ಎಂಬ ಮಾತನ್ನು ಹೊಗೆ ಬಿಡುತ್ತಲೇ ಮಕ್ಕಳಿಗೆ ಕಲಿಸಿದವರು. ಅವರಿಗೂ ಸಕ್ಕರೆ ಕಾಯಿಲೆ, ಜೊತೆಗೆ ಹೃದಯದ್ದು. ಆ ವರ್ಷ ಅವರ ಗುರು, ರಬ್ಬಿ ಅನ್ನುತ್ತಾರೆ, ತಾವೇ ಮನೆಗೆ ಬಂದು ಈ ಸಲ ತಿನ್ನಲೇಬೇಕು ಎಂದು ಹೇಳಿ ಹೋದರು. ತಂದೆ ತಲೆಯಾಡಿಸಿದರು. ಆಮೇಲೆ ತಾಯಿ ಬಟ್ಟೆ ಒಗೆಯಲು ತೆಗೆದಾಗ ಅವರ ಕರವಸ್ತ್ರದೊಳಗೆ ಅಷ್ಟೂ ಬ್ರೆಡ್ಡು ಸಿಕ್ಕಿತು. ಆ ಚಳಿಗಾಲ ಅವರು ದಾಟಲಿಲ್ಲ. ಕೇರಿಯವರೆಲ್ಲ ಸಂತ ಎಂದರು.

"ಐವತ್ತು ವರ್ಷ ಆಯಿತು. ಇನ್ನೂ ಅವರ ಮೇಲೆ ನನಗೆ ಸಿಟ್ಟಿದೆ" ಎಂದರು. "ಈಗ ನನ್ನ ಮೊಮ್ಮಕ್ಕಳು ಜಿಮ್ಮಿಗೆ ಹೋಗುತ್ತಾರೆ, ತಿನ್ನುವ ಪ್ರತಿಯೊಂದನ್ನೂ ತೂಗುತ್ತಾರೆ. ನಮ್ಮ ದೇವಾಲಯದ ಬಾಗಿಲಲ್ಲೇ ಸಿಗರೇಟು ಬಿಡಿ ಎಂಬ ಬೋರ್ಡು ಇದೆ. ಒಂದೊಂದು ಸಲ ಇವರು ಮೈಯನ್ನೇ ದೇವರು ಮಾಡಿಕೊಂಡರಾ ಅನಿಸುತ್ತದೆ. ಆದರೂ ಅಪ್ಪನಿಗಿಂತ ಇವರು ವಾಸಿ." ಆಮೇಲೆ ಹೇಳಿದರು. "ನಾನು ಮಾಡುತ್ತಿರುವುದು ಕಳ್ಳ ಉಪವಾಸ ಅಂತ ನಿನ್ನೆ ನಿಮಗೆ ಅನಿಸಿರಬೇಕು. ನನಗೂ ಅನಿಸುತ್ತದೆ. ಸುಮ್ಮನೆ ಹಸಿದು ಕೂರುವುದು ನನಗೆ ಸುಲಭ. ಆ ಕಪ್ಪು ಹಿಡಿದು ಕೂರಲು ನಾಚಿಕೆ. ನನ್ನ ಪಾಲಿನ ಉಪವಾಸ ಆ ನಾಚಿಕೆಯೇ."

ಇಷ್ಟೆಲ್ಲ ಕೇಳಿಸಿಕೊಂಡವಳು ನಾನು. ಕೇಳಿಸಿಕೊಂಡು, ಅದೇ ಸಂಜೆ ಮನೆಗೆ ಬಂದು, ಅಮ್ಮನ ಮುಂದೆ ಎಲ್ಲವನ್ನೂ ನಾಟಕ ಮಾಡಿ ತೋರಿಸಿದೆ.

ಕೆಮ್ಮಿನ ಔಷಧಿಯ ಕ್ಯಾಪು ಹಿಡಿದು, ಗಡಿಯಾರ ನೋಡಿ, ಕಣ್ಣು ಮುಚ್ಚಿ, ಚಪಾತಿಯ ಚೂರನ್ನು ಬಾಯಿಗೆ ಹಾಕಿಕೊಂಡೆ. ಟಾಯ್ಲೆಟ್ಟಿನಿಂದ ಬಂದು ದೇವರಿಗೆ ಥ್ಯಾಂಕ್ಸ್ ಹೇಳಿದೆ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದೇ ಇರಲಿಲ್ಲ, ಅದಕ್ಕೇ ನಾನು ಇನ್ನೂ ಸ್ವಲ್ಪ ಸೇರಿಸಿದೆ. ಎದುರು ಬ್ಲಾಕಿನ ತಮಿಳು ಆಂಟಿ, ಅಮ್ಮನಿಗೆ ಇಗರ್ಜಿಯ ಜೊತೆಗಾತಿ, ಬಂದಾಗ ಅಮ್ಮ ನನ್ನಿಂದ ಮತ್ತೊಮ್ಮೆ ಮಾಡಿಸಿದಳು. "ನಮ್ಮದು ಅಳತೆಯ ಉಪವಾಸ ಅಲ್ಲಪ್ಪ" ಎಂದಳು. ಅವಳ ದನಿಯಲ್ಲಿದ್ದ ಹೆಮ್ಮೆ ನನಗೆ ಕೇಳಿಸಿತು. ನಿಜ ಹೇಳುತ್ತೇನೆ, ನನಗೂ ಹೆಮ್ಮೆಯೇ ಆಯಿತು.

ಮುಂದಿನ ಫೆಬ್ರವರಿ ಮಾರ್ಚಿನಲ್ಲಿ ನಮ್ಮ ತಪಸ್ಸು ಕಾಲ ಬಂತು. ಈಸ್ಟರಿಗೆ ಮೊದಲಿನ ನಲವತ್ತು ದಿನ. ಅಮ್ಮ ಮೀನು ಮಾಂಸ ಬಿಟ್ಟಳು, ರಾತ್ರಿ ಊಟ ಕಡಿಮೆ ಮಾಡಿದಳು. ಅಷ್ಟಕ್ಕೆ ನನ್ನ ತಕರಾರು ಇರಲಿಲ್ಲ. ಜಗಳ ಹತ್ತಿದ್ದು ಶುಭ ಶುಕ್ರವಾರದ ಬಗ್ಗೆ. ಮೂರು ಗಂಟೆಯ ತನಕ, ಅಂದರೆ ಏಸು ಪ್ರಾಣ ಬಿಟ್ಟ ಹೊತ್ತಿನ ತನಕ, ನೀರೂ ಮುಟ್ಟುವುದಿಲ್ಲ ಎಂದಳು.

"ವಯಸ್ಸಾದವರಿಗೆ, ಕಾಯಿಲೆಯವರಿಗೆ ಉಪವಾಸ ಇಲ್ಲ ಅಂತ ಫಾದರೇ ಹೇಳಿದ್ದಾರಲ್ಲ" ಎಂದೆ.

"ಹೇಳಿದ್ದಾರೆ. ನಂಗೂ ಕಿವಿ ಉಂಟು. ಅದು ಆಗದವರಿಗೆ ಮಾರಾಯ್ತಿ. ನಂಗೆ ಆಗ್ತದೆ."

ಹೇಳಿದ್ದೇನೋ ಹೌದು. ಹೇಗೆ ಹೇಳಿದ್ದರು ಎಂದರೆ, ಪೂಜೆಯ ಕೊನೆಯಲ್ಲಿ, ಗೇಟಿನ ಎದುರು ಕಾರು ನಿಲ್ಲಿಸಬೇಡಿ ಎಂಬ ಪ್ರಕಟಣೆಯ ಜೊತೆಗೆ ಒಂದೇ ಉಸಿರಿನಲ್ಲಿ. ವಯಸ್ಸಾದವರು, ರೋಗಿಗಳು, ಬಸುರಿಯರಿಗೆ ವಿನಾಯಿತಿ ಇದೆ, ಮುಂದಿನ ಪ್ರಕಟಣೆ. ಅದೇ ಪೂಜೆಯ ಪ್ರವಚನದಲ್ಲಿ ನಲವತ್ತು ದಿನ ಹಸಿದು ಕೂತವರ ಬಗ್ಗೆ ಇಪ್ಪತ್ತು ನಿಮಿಷ. ತಿನ್ನುವುದೂ ದೇವರ ಮಾತು ಕೇಳಿದ ಹಾಗೆಯೇ ಎಂದು ಒಬ್ಬರಾದರೂ ಗಂಟಲು ಬಿಟ್ಟು ಹೇಳಬೇಡವೇ? ವಿನಾಯಿತಿ ಎಂಬ ಮಾತೇ ಕೈಲಾಗದವರಿಗೆ ಕೊಡುವ ಮಾತು. ಅಮ್ಮ ಜನ್ಮದಲ್ಲಿ ಯಾವ ವಿನಾಯಿತಿಯನ್ನೂ ತೆಗೆದುಕೊಂಡವಳಲ್ಲ.

ಮೂರು ದಿನ ಜಗಳವಾಡಿ ನನಗೆ ಸಾಕಾಯಿತು. ಕೊನೆಗೆ ನಾನು ಒಂದು ರಾಜಿಗೆ ಬಂದೆ. "ಉಪವಾಸ ಮಾಡ್ತೀಯಾ ಮಾಡು. ಆದ್ರೆ ಇನ್ಸುಲಿನ್ ಮಾತ್ರ ತಪ್ಪಿಸ್ಬಾರ್ದು. ಅದು ಮದ್ದು. ಮದ್ದು ತಗೊಂಡ್ರೆ ಉಪವಾಸ ಮುರಿಯುದಿಲ್ಲ."

"ಮುರಿಯುದಿಲ್ಲ" ಎಂದು ಅಮ್ಮನೂ ಒಪ್ಪಿದಳು. ಇಂಜೆಕ್ಷನ್ ಬಾಯಿಂದ ಹೋಗುವುದಲ್ಲವಲ್ಲ.

ಯಾವುದು ಹೇಗೆ ಕೆಡಬಹುದು ಎಂದು ಪಟ್ಟಿ ಮಾಡಿ ಹೊಟ್ಟೆ ಹೊರೆಯುವವಳು ನಾನು. ಊಟವಿಲ್ಲದ ಮೈಗೆ ಪೂರ್ತಿ ಇನ್ಸುಲಿನ್ ಚುಚ್ಚಿದರೆ ಏನಾಗುತ್ತದೆ ಎಂದು ಡಾಕ್ಟರಿಗೆ ಒಂದು ಫೋನು ಮಾಡಿ ಕೇಳಲಿಲ್ಲ. ಮಗಳ ಕರ್ತವ್ಯ ಮುಗಿಯಿತು ಎಂದು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಪೆನಾಂಗಿನಲ್ಲಿ ಶುಭ ಶುಕ್ರವಾರಕ್ಕೆ ರಜೆ ಇಲ್ಲ. ಬೆಳಿಗ್ಗೆ ಏಳಕ್ಕೆ ಅಮ್ಮ ಫ್ರಿಜ್ಜಿನಿಂದ ಇನ್ಸುಲಿನ್ ಪೆನ್ನು ತೆಗೆದು, ಡಯಲ್ ತಿರುಗಿಸಿ, ದಿನಾ ಚುಚ್ಚುವಷ್ಟನ್ನೇ ಚುಚ್ಚಿಕೊಂಡಳು. ನಾನು ಎದುರಿಗೆ ನಿಂತು ನೋಡಿದೆ. "ನೋಡು, ಆಯ್ತಲ್ಲ?" ಎಂದಳು. ಆಯ್ತು ಎಂದು ನಾನು ಆಫೀಸಿಗೆ ಹೋದೆ. ಮಧ್ಯಾಹ್ನ ಎರಡಕ್ಕೆ ಬಂದು ಇಗರ್ಜಿಯಲ್ಲಿ ಸೇರಿಕೊಳ್ಳುವುದು ಎಂದು ಮಾತಾಗಿತ್ತು. ಹತ್ತು ಗಂಟೆಗೆ ಅಮ್ಮ ಮತ್ತು ತಮಿಳು ಆಂಟಿ ಗ್ರ್ಯಾಬ್ ಟ್ಯಾಕ್ಸಿ ಹಿಡಿದು ಶಿಲುಬೆ ಹಾದಿಗೆ ಹೋದರು. ಇಗರ್ಜಿಯ ಅಂಗಳದಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ, ಹದಿನಾಲ್ಕು ಕಡೆ ನಿಂತು, ಮೊಣಕಾಲೂರಿ, ಮತ್ತೆ ಎದ್ದು ನಡೆಯುವುದು.

ಹನ್ನೆರಡಕ್ಕೆ ಆಂಟಿಯ ಫೋನು ಬಂತು. ಅಮ್ಮ ಇಗರ್ಜಿಯ ಮೆಟ್ಟಿಲ ಮೇಲೆ ಬಿದ್ದಿದ್ದಾಳೆ, ಆಂಬುಲೆನ್ಸಿಗೆ ಹೇಳಿದ್ದೇವೆ, ಬಾ.

ನಾನು ಹೋದಾಗ ಆಂಬುಲೆನ್ಸು ಇನ್ನೂ ಬಂದಿರಲಿಲ್ಲ. ಅಮ್ಮ ಮೆಟ್ಟಿಲ ಬುಡದಲ್ಲಿ ನೆರಳಿಗೆ ಮಲಗಿದ್ದಳು. ಒಂದು ಕಾಲು ಸೊಟ್ಟಗೆ ತಿರುಗಿತ್ತು. ಮೈಯೆಲ್ಲ ತಣ್ಣನೆ ಬೆವರು, ಸೀರೆ ಒದ್ದೆ. ಸುತ್ತ ಎಂಟು ಹತ್ತು ಹೆಂಗಸರು ಜಪಮಾಲೆ ಹಿಡಿದು ಗುಣುಗುಣು ಪ್ರಾರ್ಥನೆ ಮಾಡುತ್ತಿದ್ದರು. ಒಬ್ಬಳು ಬೀಸಣಿಗೆ ಬೀಸುತ್ತಿದ್ದಳು. ಆಂಟಿಯ ಕೈಯಲ್ಲಿ ಸಕ್ಕರೆ ನೀರಿನ ಗ್ಲಾಸು. ತುಂಬಿದ ಗ್ಲಾಸು.

"ಕೊಡಲಿಲ್ವಾ?" ಎಂದು ಕೂಗಿದೆ.

"ಅಕ್ಕಾ ವೇಂಡಾಂ, ಬೇಡ ಅಂದರು ಮಾ. ಮಾತಾಡ್ತಾ ಇದ್ದಾಗಲೇ ಕೇಳಿದೆ. ಮೂರು ಗಂಟೆ ಆಗಲಿ ಅಂದರು. ಪಾವಂ, ಉಪವಾಸ ಯಾಕೆ ಮುರಿಸೋದು ಅಂತ."

ಹತ್ತು ಜನ. ಹತ್ತು ಜನರ ನಡುವೆ ಒಂದು ಗ್ಲಾಸು ಸಕ್ಕರೆ ನೀರು. ಅವಳಿಗೆ ಎಚ್ಚರವಿದ್ದಾಗ ಒಬ್ಬಳಾದರೂ ಬೈದು, ಬಾಯಿ ತೆರೆಸಿ, ಕುಡಿಸಬೇಡವೇ? ಇಲ್ಲ, ಅವಳ ಉಪವಾಸಕ್ಕೆ ಮರ್ಯಾದೆ ಕೊಡುತ್ತಿದ್ದರು. ಮೂಗು ಮುಚ್ಚಿದರೆ ಬಾಯಿ ತಾನೇ ತೆರೆಯುತ್ತದೆ ಎಂದು ಮಕ್ಕಳನ್ನು ಹೆತ್ತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಗ್ಲಾಸು ಕಿತ್ತುಕೊಂಡು ಅಮ್ಮನ ತುಟಿಗೆ ಹಿಡಿದೆ. ಅಷ್ಟು ಹೊತ್ತಿಗೆ ಅವಳಿಗೆ ನುಂಗುವ ಎಚ್ಚರವೂ ಇರಲಿಲ್ಲ, ನೀರು ಕೆನ್ನೆಯ ಮೇಲೆ ಇಳಿಯಿತು.

ಆಂಬುಲೆನ್ಸಿನಿಂದ ತಲೆವಸ್ತ್ರ ಕಟ್ಟಿದ ಒಬ್ಬ ಮಲಯ ಹುಡುಗಿ ಇಳಿದಳು. ಮೊದಲು ನನ್ನ ಕೈಯಿಂದ ಗ್ಲಾಸು ಕಸಿದು ಬದಿಗಿಟ್ಟಳು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು. ಬೆರಳಿಗೆ ಚುಚ್ಚಿ ರಕ್ತ ನೋಡಿದಳು. ಮುಖ ಬಿಗಿಯಾಯಿತು. ಯಾರನ್ನೂ ಕೇಳಲಿಲ್ಲ, ಯಾವ ಮೂರು ಗಂಟೆಗೂ ಕಾಯಲಿಲ್ಲ. ಗ್ಲೂಕೋಸಿನ ಅಂಟನ್ನು ಬೆರಳಿನಲ್ಲಿ ತೆಗೆದು ಅಮ್ಮನ ವಸಡಿಗೆ ಉಜ್ಜಿದಳು. "ಮಾಕ್ಚಿಕ್, ಮಕಾನ್ ದುಲು" ಎಂದು ಕಿವಿಯಲ್ಲಿ ಹೇಳಿದಳು. ಅತ್ತೇ, ಮೊದಲು ತಿನ್ನಿ. ಇನ್ನೊಬ್ಬ ಕೈಯ ನರ ಹುಡುಕಿ ಡ್ರಿಪ್ ಹಾಕಿದ.

"ಇನ್ಸುಲಿನ್ ತಗೊಳ್ತಾರಾ?" ಎಂದು ಹುಡುಗಿ ನನ್ನನ್ನು ಕೇಳಿದಳು.

"ತಗೊಂಡಿದ್ದಾರೆ! ಇವತ್ತೂ ತಪ್ಪಿಸಿಲ್ಲ, ನಾನೇ ಎದುರು ನಿಂತು ನೋಡಿದ್ದೇನೆ" ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬೈಯಲಿಲ್ಲ. ಅಷ್ಟರಲ್ಲಿ ನನಗೆ ಅರ್ಥವಾಯಿತು: ಊಟವಿಲ್ಲದ ಮೈಯಲ್ಲಿ ಸಕ್ಕರೆಯನ್ನು ಪಾತಾಳಕ್ಕಿಳಿಸಿದ್ದು ಆ ಇನ್ಸುಲಿನ್ನೇ.

ಆಸ್ಪತ್ರೆಯಲ್ಲಿ ಅಮ್ಮನಿಗೆ ಪೂರ್ತಿ ಎಚ್ಚರವಾಯಿತು. ನಾನು ಅವಳ ಕೈ ಹಿಡಿದು ಅಳುತ್ತಾ ಕೂತಿದ್ದೆ. ಮೊದಲ ಮಾತು, ಗಂಟೆ ಎಷ್ಟು ಎಂದು. ಎರಡು ಎಂದೆ. ಕೈಗೆ ಚುಚ್ಚಿದ್ದ ಡ್ರಿಪ್ಪನ್ನು ನೋಡಿದಳು, ನಾಲಿಗೆಯಿಂದ ತುಟಿ ಸವರಿ ಸಿಹಿಯನ್ನು ಗುರುತು ಹಿಡಿದಳು. ಕಣ್ಣಲ್ಲಿ ನೀರು ತುಂಬಿತು.

"ಇನ್ನೊಂದೇ ಗಂಟೆ ಇತ್ತಲ್ಲ" ಎಂದಳು.

ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು, ಇನ್ನು ಸ್ವಲ್ಪ ತಡವಾಗಿದ್ದರೆ ಮಿದುಳಿಗೆ ಪೆಟ್ಟಾಗುತ್ತಿತ್ತು, ಇಲ್ಲ ಜೀವವೇ ಹೋಗುತ್ತಿತ್ತು ಎಂದು ಡಾಕ್ಟರು ಆಗಷ್ಟೇ ಹೇಳಿ ಹೋಗಿದ್ದರು. ಇವಳಿಗೆ ಒಂದು ಗಂಟೆಯ ದುಃಖ. ನನಗೆ ಅವಳ ಕೈ ಬಿಟ್ಟು ಎದ್ದು ಹೊರಗೆ ಹೋಗಬೇಕಾಯಿತು. ಇಲ್ಲದಿದ್ದರೆ ಆ ಮಂಚದಲ್ಲೇ ಅವಳನ್ನು ಹಿಡಿದು ಅಲ್ಲಾಡಿಸಿಬಿಡುತ್ತಿದ್ದೆ.

ಈಸ್ಟರು ವಾರ್ಡಿನಲ್ಲಿ ಕಳೆಯಿತು. ಇಗರ್ಜಿಯ ಹೆಂಗಸರು ಹೂವು, ಕಿತ್ತಳೆ ಹಿಡಿದು ಬಂದರು. ಶುಭ ಶುಕ್ರವಾರದ ದಿನವೇ, ಶಿಲುಬೆ ಹಾದಿಯಲ್ಲೇ ಬೀಳಬೇಕಾದರೆ ಎಷ್ಟು ಪುಣ್ಯ ಮಾಡಿರಬೇಕು ಎಂದು ಒಬ್ಬಳು ಹೇಳಿದಳು. ಏಸುವೂ ಮೂರು ಸಲ ಬಿದ್ದರಲ್ಲ ಎಂದಳು ಇನ್ನೊಬ್ಬಳು. ಅಮ್ಮನ ಮುಖ ಅರಳಿತು. ನಾನು ಎದ್ದು ನಿಂತು, "ಹೊತ್ತಾಯಿತು, ಇನ್ನು ಹೊರಡಿ" ಎಂದೆ. ಅವರು ಮುಖ ಮುಖ ನೋಡಿಕೊಂಡು ಹೊರಟರು. ಆಮೇಲೆ ಫಾದರು ಬಂದರು. ಅಮ್ಮ ಪಾಪ ನಿವೇದನೆ ಮಾಡಿದಳು. ಏನನ್ನು ಹೇಳಿದಳು ಎಂದು ಅವಳೇ ನನಗೆ ಹೇಳಿದಳು: ಉಪವಾಸ ಮುರಿದದ್ದು. ಅದು ಪಾಪವಲ್ಲಮ್ಮ ಎಂದು ಫಾದರು ಅಂದರಂತೆ. ಅಮ್ಮ ಬಿಡಲಿಲ್ಲ. ಕೊನೆಗೆ ಅವಳ ಸಮಾಧಾನಕ್ಕೆ ಮೂರು ನಮೋ ಮರಿಯ ಪ್ರಾರ್ಥನೆ ಹೇಳಿ ಎಂದು ಪ್ರಾಯಶ್ಚಿತ್ತ ಕೊಟ್ಟು ಹೋದರಂತೆ. ಪಾಪವೇ ಅಲ್ಲದ್ದಕ್ಕೆ 'ಆಯಿತು ಬಿಡಿ' ಎಂದು ಪ್ರಾಯಶ್ಚಿತ್ತ ಕೊಡುವ ಈ ಮೆದು ಬುದ್ಧಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೀವಕ್ಕಿಂತ ಉಪವಾಸ ದೊಡ್ಡದಲ್ಲ, ನೀವು ಮಾಡಿದ್ದು ತಪ್ಪು ಎಂದು ಆ ದಿನವಾದರೂ ಗದರಬೇಕಿತ್ತು. ಅವರು ಗದರಿದ್ದರೆ ಅವಳು ಕೇಳುತ್ತಿದ್ದಳು.

ಮನೆಗೆ ಬಂದ ಮೇಲೆ ಅಮ್ಮನಿಗೆ ವಾಕರ್ ಬಂತು. ಮೊಣಕಾಲೂರುವುದು ನಿಂತೇ ಹೋಯಿತು. ಸಂಜೆಯ ಜಪಸರಕ್ಕೆ ಅರವತ್ತು ವರ್ಷ ನೆಲದ ಮೇಲೆ ಮೊಣಕಾಲೂರಿದವಳು ಕುರ್ಚಿಯಲ್ಲಿ ಕೂತು ಗೋಡೆಯ ಶಿಲುಬೆ ನೋಡುತ್ತಾಳೆ. ಅದನ್ನು ನೋಡಿ ನೋಡಿ ಒಂದು ದಿನ ನಾನು ತಡೆಯಲಾರದೆ ಅಂದುಬಿಟ್ಟೆ.

"ದೇವರಿಗಾಗಿ ದೇವರು ಕೊಟ್ಟ ಸೊಂಟವನ್ನೇ ಮುರ್ಕೊಂಡೆಯಲ್ಲ. ಈಗ ಯಾವುದರಲ್ಲಿ ಪ್ರಾರ್ಥನೆ ಮಾಡ್ತೀ? ಆಫೀಸಿನ ಆ ಮುದುಕರು ಬ್ರೆಡ್ಡು ಅಳೆದು ತಿಂದಾದ್ರೂ ಎರಡು ಕಾಲ ಮೇಲೆ ನಡೀತಾ ಇದ್ದಾರೆ."

ಅಮ್ಮ ಜಪಸರ ಕೆಳಗಿಟ್ಟಳು. ಕನ್ನಡದಲ್ಲಿ, ಒಂದೊಂದು ಅಕ್ಷರ ಬಿಡಿಸಿ ಹೇಳಿದಳು.

"ಅವರನ್ನು ನೋಡಿ ನಕ್ಕದ್ದು ಯಾರು? ನಾನಾ? ನಾನು ಅವರ ಮುಖ ಕಂಡವಳಲ್ಲ. ಕ್ಯಾಪು ಹಿಡಿದು ಆಟ ಆಡಿ ತೋರಿಸಿದ್ದು ನೀನು. ಆ ಬೆಳಿಗ್ಗೆ ನಂಗೆ ಕೈಕಾಲು ನಡುಗ್ಲಿಕ್ಕೆ ಶುರುವಾದಾಗ ಒಂದು ಬಿಸ್ಕೆಟ್ ತಿನ್ನುವಾ ಅಂತ ಕಂಡಿತ್ತು. ಬ್ಯಾಗಿನಲ್ಲಿ ಇತ್ತು ಕೂಡ. ಎಂತ ಮಾಡುದು? ನಾನೂ ಅರ್ಧ ಬಿಸ್ಕೆಟಿನ ಉಪವಾಸ ಮಾಡಿದ್ರೆ, ನಾಳೆ ನೀನು ನನ್ನನ್ನೂ ಹಾಗೇ ಮಾಡಿ ತೋರಿಸುದಿಲ್ವಾ?"

ಊರಿನವರ ಮೇಲೆ, ಫಾದರ ಮೇಲೆ, ಹತ್ತು ಹೆಂಗಸರ ಮೇಲೆ ಅಷ್ಟು ದಿನ ಹಾರಾಡಿದ ಸಿಟ್ಟೆಲ್ಲ ತಿರುಗಿ ನನ್ನ ಮನೆಗೇ ಬಂದು ಕೂತಿತು.

ಇಂಗ್ಲೆಂಡಿನ ಇಂಜಿನಿಯರು ಜೂನಿನಲ್ಲಿ ಹೊರಡುವವರಿದ್ದರು. ಹೊರಡುವ ವಾರ ಹೋಗಿ ಎಲ್ಲ ಹೇಳಿದೆ. ಮಾತು ಕೊಟ್ಟು ಮುರಿದದ್ದು, ನಾಟಕ ಮಾಡಿದ್ದು, ಬಿಸ್ಕೆಟಿನ ಮಾತು, ಎಲ್ಲ. ಕ್ಷಮಿಸಿ ಎಂದೆ. ಅವರ ಮುಖ ಕೆಂಪಾಯಿತು. ಅಷ್ಟು ಮೆತ್ತಗಿನ ಮನುಷ್ಯ ಸಿಟ್ಟಾದದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

"ನನ್ನನ್ನು ನೋಡಿ ನಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ. ತಿನ್ನಲೇಬೇಕಾದ ಒಬ್ಬರ ಎದುರು ನಕ್ಕಿರಲ್ಲ" ಎಂದರು. ಆಮೇಲೆ ಕೇಳಿದರು, "ಮುಂದಿನ ವರ್ಷ ಅವರ ಜೊತೆಗೆ ಯಾರು ತಿನ್ನುತ್ತಾರೆ?"

ನನಗೆ ಅರ್ಥವಾಗಲಿಲ್ಲ.

"ನಮ್ಮ ಅಪ್ಪನ ಹೆಣದ ಮುಂದೆ ರಬ್ಬಿ ನಿಂತು ಅತ್ತುಬಿಟ್ಟರು. ಯಾಕೆ ಗೊತ್ತಾ? ತಿನ್ನು ಅಂತ ಹೇಳಿ ನಾನು ಎದ್ದು ಬಂದುಬಿಟ್ಟೆ, ಪಕ್ಕದಲ್ಲಿ ಕೂತು ಒಂದು ಚೂರು ನಾನೂ ತಿಂದಿದ್ದರೆ ಅವನು ಬಚ್ಚಿಡುತ್ತಿರಲಿಲ್ಲ, ಅಂತ."

ಈ ವರ್ಷ ಶುಭ ಶುಕ್ರವಾರಕ್ಕೆ ನಾನು ಒಂದು ದಿನ ರಜೆ ಹಾಕಿದೆ. ಇನ್ಸುಲಿನ್ ಎಷ್ಟು, ಊಟ ಎಷ್ಟು ಎಂದು ಮೊದಲೇ ಅಮ್ಮನನ್ನು ಡಾಕ್ಟರ ಎದುರು ಕೂರಿಸಿ ಕೇಳಿದೆ. ಆ ದಿನ ಅವರು ಹೇಳಿದಷ್ಟನ್ನೂ ತಿನ್ನಲೇಬೇಕು. ಒಟ್ಟಿಗೆ ತಿನ್ನಲು ಮನಸ್ಸು ಒಪ್ಪದಿದ್ದರೆ ಸ್ವಲ್ಪ ಸ್ವಲ್ಪವಾಗಿ ಆಗಬಹುದು, ಆದರೆ ಹತ್ತಿರ ಕೂತು ಸಕ್ಕರೆ ನೋಡುತ್ತಿರಿ ಎಂದರು. ಬೆಳಿಗ್ಗೆ ಗಂಜಿ ಮಾಡಿ, ಮೇಜಿನ ಮೇಲೆ ಔಷಧಿಯ ಪುಟ್ಟ ಕಪ್ಪುಗಳನ್ನು ಸಾಲಾಗಿ ಇಟ್ಟೆ. ಅಮ್ಮ ವಾಕರ್ ಹಿಡಿದು ಬಂದು ಅದನ್ನು ನೋಡಿದಳು. ಮುಖ ಗಂಟಿಕ್ಕಿತು.

"ನಂಗೆ ಬೇಡ."

"ನಂಗೂ ಬೇಡ" ಎಂದೆ. ನನಗೆ ಯಾವ ಕಾಯಿಲೆಯೂ ಇಲ್ಲ, ಮೂರರ ತನಕ ಹಸಿದಿರಲು ಏನೂ ಕಷ್ಟವಿಲ್ಲ, ಬುದ್ಧಿ ಬಂದಾಗಿನಿಂದ ಆ ದಿನ ಹಸಿದೇ ಇದ್ದವಳು. ಒಂದು ಕಪ್ಪಿಗೆ ಗಂಜಿ ತುಂಬಿ ಅವಳ ಮುಂದಿಟ್ಟೆ. ಇನ್ನೊಂದನ್ನು ತುಂಬಿ, ಅವಳು ನೋಡುತ್ತಿರುವಂತೆಯೇ ಕುಡಿದೆ. ಫೋನಿನಲ್ಲಿ ಒಂಬತ್ತು ನಿಮಿಷ ಇಟ್ಟೆ.

ಅಮ್ಮ ಎಷ್ಟೋ ಹೊತ್ತು ಕಪ್ಪನ್ನು ಮುಟ್ಟಲಿಲ್ಲ. ಒಂಬತ್ತು ನಿಮಿಷ ಮುಗಿದು ಫೋನು ಗಂಟೆ ಬಾರಿಸಿತು. ನಾನು ಎರಡನೆಯದನ್ನೂ ಕುಡಿದೆ. ನನ್ನ ಕಿವಿ ಬಿಸಿಯಾಯಿತು, ಎಲ್ಲರ ಎದುರು ಬಟ್ಟೆ ಜಾರಿದ ಹಾಗೆ ನಾಚಿಕೆ. ಅವರು ಹೇಳಿದ್ದು ನಿಜ, ಹಸಿದು ಕೂರುವುದೇ ಸುಲಭ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಶಿಲುಬೆಯ ಗುರುತು ಮಾಡಿ, ಕಣ್ಣು ಮುಚ್ಚಿ, ತನ್ನ ಕಪ್ಪನ್ನು ಬಾಯಿಗೆ ಎತ್ತಿದಳು.

"ಇದನ್ನು ಯಾರ ಹತ್ರವೂ ಹೇಳ್ಬೇಡ" ಎಂದಳು.

ಹಿಂದೊಮ್ಮೆ ಇಂಥದೇ ಮಾತಿಗೆ ನಾನು ಸಲೀಸಾಗಿ ಆಯಿತು ಎಂದಿದ್ದೆ.

"ಹೇಳ್ತೇನೆ" ಎಂದೆ. "ಆಂಟಿಗೆ ಹೇಳ್ತೇನೆ, ಇಗರ್ಜಿಯಲ್ಲಿ ಹೇಳ್ತೇನೆ, ಪತ್ರಿಕೆಯಲ್ಲಿ ಬರೀತೇನೆ. ನಿನ್ನ ಹಾಗೆ ಬ್ಯಾಗಿನಲ್ಲಿ ಬಿಸ್ಕೆಟ್ ಇಟ್ಕೊಂಡು ಬೀಳುವವರು ಇನ್ನೆಷ್ಟು ಜನ ಇದ್ದಾರೋ."

ಅಮ್ಮ ಖಾಲಿ ಕಪ್ಪನ್ನು ನನ್ನ ಕಡೆಗೆ ತಳ್ಳಿದಳು. ಫೋನಿನಲ್ಲಿ ಮತ್ತೆ ಒಂಬತ್ತು ನಿಮಿಷ ಓಡುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದಳು.

"ಹೇಳುದಾದ್ರೆ ನಗದೆ ಹೇಳು."

ನಗದೆ ಹೇಳಿದ್ದೇನೆ.